ನಲವತ್ತೊಂದು ಹಾಳೆ, ಅವೇ ನಾಲ್ಕು ಜೋಡಿ

ಕಬ್ಬಿಣದ ಬಾಗಿಲು ಧಡಾರನೆ ಮುಚ್ಚಿತು. ಗುಲ್ಫಶಾ ತಿರುಗಿ ನೋಡುವಷ್ಟರಲ್ಲಿ ಹೊರಗೆ ಅಗಳಿ ಬಿದ್ದ ಸದ್ದೂ ಕೇಳಿತು.

"ಯಾರದು? ಬಾಗಲಾ ತೆಗೀರಿ!"

ವರಾಂಡದ ಕಲ್ಲಿನ ಮೇಲೆ ಚಪ್ಪಲಿಯ ಸದ್ದು ಒಂದಿಷ್ಟೂ ಅವಸರವಿಲ್ಲದೆ ದೂರವಾಯಿತು. ಆಮೇಲೆ ಏನೂ ಇಲ್ಲ.

ಅವಳು ಎರಡೂ ಅಂಗೈಯಿಂದ ಬಾಗಿಲು ಬಡಿದಳು. ಕಬ್ಬಿಣ ಕಾದಿತ್ತು. ಮೇ ತಿಂಗಳ ಬುಧವಾರ, ಮಧ್ಯಾಹ್ನ ಎರಡೂ ನಲವತ್ತು. ಟ್ರಸ್ಟಿನ ಆಫೀಸಿನವರೆಲ್ಲ ಊಟಕ್ಕೆ ಹೋಗಿದ್ದರು. ಠಾಣೆಯಲ್ಲಿದ್ದ ಒಂದೇ ಜೀಪನ್ನೂ ಹೆಡ್ ಕಾನ್ಸ್‌ಟೇಬಲ್ ಈರಯ್ಯನನ್ನೂ ಎಸ್‌ಐ ಆದ ಅವಳೇ ಮುಂಜಾನೆ ವಿಚಾರಣೆಗೆಂದು ಮಾನ್ವಿಗೆ ಕಳಿಸಿದ್ದಳು. ಒಬ್ಬಳೇ ಬಂದದ್ದು ತಪ್ಪಾಯಿತೆಂದು ಈಗ ಅನ್ನಿಸಿ ಪ್ರಯೋಜನವಿರಲಿಲ್ಲ.

ಕಳೆದ ಭಾನುವಾರ ಟ್ರಸ್ಟು ನಡೆಸಿದ ಪರೀಕ್ಷೆಯ ಪ್ರಶ್ನೆಪತ್ರಿಕೆ ಮೊದಲೇ ಹೊರಬಿದ್ದಿದೆಯೆಂದು ದೂರು ಬಂದಿತ್ತು. ಪರೀಕ್ಷೆಗೆ ಮುಂಚೆ ಅದನ್ನು ಕಂಡವರು ಮೂವರೇ, ಆ ಮೂವರೂ ಈಗ ಅವಳ ಜೊತೆ ಒಳಗಿದ್ದರು.

"ಮೇಡಂ, ಫೋನ್ ಮಾಡ್ರಿ ಯಾರಿಗರೆ," ಎಂದ ಗೌತಮ. ಟ್ರಸ್ಟಿನ ಕಂಪ್ಯೂಟರ್ ಆಪರೇಟರ್, ಇಪ್ಪತ್ತಾರು ವರ್ಷ. ಪತ್ರಿಕೆಯನ್ನು ಟೈಪ್ ಮಾಡಿದವನು ಅವನು.

ಗುಲ್ಫಶಾ ಫೋನ್ ನೋಡಿದಳು. ಸಿಗ್ನಲ್ ಇರಲಿಲ್ಲ. ನಾಲ್ವರ ಫೋನಿನಲ್ಲೂ ಅದೇ ಕಥೆ. ಅದೇ ಹೊತ್ತಿಗೆ ತಲೆಯ ಮೇಲಿನ ಫ್ಯಾನು ಎರಡು ಸುತ್ತು ಸೋಮಾರಿಯಾಗಿ ತಿರುಗಿ ನಿಂತಿತು.

"ಕರೆಂಟ್ ಹೋತು. ಟವರೂ ಹೋಗಿರ್ತದ," ಎಂದರು ಹನುಮಂತರಾಯರು. ಟ್ರಸ್ಟಿನ ಕಾರ್ಯದರ್ಶಿ, ನಿವೃತ್ತ ಹೆಡ್‌ಮಾಸ್ತರ್, ಅರವತ್ತೆಂಟು ದಾಟಿದವರು. ಸೀಲ್ ಮಾಡಿದ ಪತ್ರಿಕೆಗಳು ಪರೀಕ್ಷೆಯ ದಿನದವರೆಗೂ ಇದೇ ಕೋಣೆಯಲ್ಲಿ, ಅವರ ಕೀಲಿಯ ಕೆಳಗೆ ಇದ್ದವು. "ಬಿಸಲಿನ ದಿನಾ ಇಲ್ಲಿ ಹಿಂಗ. ತಾಸು, ಒಂದೂವರಿ ತಾಸು."

ಮೂರನೆಯವಳು ಮಲ್ಲೇಶ್ವರಿ. ದೇವದುರ್ಗ ತಾಲೂಕಿನ ಅರಕೇರಾದ ಗಣಿತ ಟೀಚರ್, ಕುರಿ ಕಾಯುವ ಮನೆತನದವಳು. ಪ್ರಶ್ನೆಪತ್ರಿಕೆ ತೆಗೆದವಳು ಅವಳೇ, ಗಣಿತದ ಉತ್ತರಪತ್ರಿಕೆ ತಿದ್ದಿದವಳೂ ಅವಳೇ, ದೂರು ಕೊಟ್ಟವಳೂ ಅವಳೇ.

ಕೋಣೆ ಹಿಂದೆ ಹತ್ತಿ ವ್ಯಾಪಾರಿಯೊಬ್ಬನ ಉಗ್ರಾಣವಾಗಿತ್ತು. ಎರಡಡಿ ದಪ್ಪದ ಕಲ್ಲಿನ ಗೋಡೆ, ನಾಲ್ಕು ಕಬ್ಬಿಣದ ರ್‍ಯಾಕು, ಸೂರಿನ ಕೆಳಗೆ ಅಂಗೈ ಅಗಲದ ಗವಾಕ್ಷಿ. ಗೌತಮ ರ್‍ಯಾಕು ಹತ್ತಿ ಗವಾಕ್ಷಿಗೆ ಬಾಯಿ ಹಚ್ಚಿ ಕೂಗಿದ. ಆ ಕಡೆ ಹಾಳು ಬಿದ್ದ ಹಿತ್ತಲು. ಒಂದು ಕಾಗೆ ಹಾರಿಹೋಯಿತು, ಅಷ್ಟೇ.

ಅವನು ಇಳಿದು ಬಂದ. ಅಂಗಿ ಬೆನ್ನಿಗೆ ಅಂಟಿತ್ತು.

"ಎಲ್ಲಾರೂ ಕೂಡ್ರಿ," ಎಂದಳು ಗುಲ್ಫಶಾ. "ಬಾಗಲಾ ತಾನಾಗೇ ಬಿದ್ದಿಲ್ಲ. ನಾವು ಈ ಹಾಳಿ ನೋಡಬಾರದು ಅಂತ ಯಾರಿಗೋ ಅನ್ನಿಸ್ಯದ. ಅಂದಮ್ಯಾಲ ನೋಡೇಬಿಡೂಣು."

ಅವಳು ನೆಲದ ಮೇಲೆ ಉತ್ತರಪತ್ರಿಕೆಗಳ ಕಟ್ಟು ಬಿಚ್ಚಿದಳು. ಹತ್ತನೇ ತರಗತಿ ಮುಗಿಸಿದ ಅರವತ್ತು ಹಳ್ಳಿ ಮಕ್ಕಳಿಗೆ ರಾಯಚೂರಿನಲ್ಲಿ ಎರಡು ವರ್ಷ ಊಟ, ವಸತಿ, ಓದು ಕೊಡಲು ನಡೆಸಿದ ಪರೀಕ್ಷೆ. ಬರೆದವರು ಮುನ್ನೂರ ಹನ್ನೆರಡು ಮಂದಿ. ಅದರಲ್ಲಿ ನಲವತ್ತೊಂದು ಹಾಳೆಗಳನ್ನು ಮಲ್ಲೇಶ್ವರಿ ಬೇರೆ ತೆಗೆದು ಕೆಂಪು ದಾರ ಕಟ್ಟಿದ್ದಳು. ರಾಯಚೂರು, ಮಾನ್ವಿ, ದೇವದುರ್ಗ, ಮೂರು ಕೇಂದ್ರದವೂ ಅದರಲ್ಲಿದ್ದವು. ಆ ಮಕ್ಕಳು ಒಂದೇ ಊರಿನವರಲ್ಲ, ಒಂದೇ ಶಾಲೆಯವರೂ ಅಲ್ಲ.

"ಟೀಚರ್, ನನಗ ಗಣಿತ ಅಷ್ಟಕ್ಕಷ್ಟೇ. ಇನ್ನೊಮ್ಮೆ ಹೇಳ್ರಿ. ಹನ್ನೆರಡನೇ ಪ್ರಶ್ನೆ."

ಮಲ್ಲೇಶ್ವರಿ ನಿಧಾನವಾಗಿ ಹೇಳಿದಳು. "2x + y = 10. ಇದಕ್ಕ ಸರಿ ಹೊಂದೋ ಯಾವುದರೆ ನಾಲ್ಕು ಜೋಡಿ ಬರೀರಿ ಅಂತ ಕೇಳಿದ್ದೆ. ಎಕ್ಸ್‌ಗೆ ನಿಮಗ ಬೇಕಾದ ಅಂಕಿ ಹಿಡೀರಿ. ಅದನ್ನ ಎರಡರಷ್ಟು ಮಾಡಿ ಹತ್ತರಾಗ ಕಳೀರಿ. ಬಂದದ್ದು ವೈ. ಸೊನ್ನಿ ಹಿಡಿದ್ರ ಹತ್ತು. ಒಂದು ಹಿಡಿದ್ರ ಎಂಟು. ಎರಡು ಹಿಡಿದ್ರ ಆರು."

"ಒಟ್ಟು ಎಷ್ಟು ಜೋಡಿ ಆಗ್ತಾವ?"

"ಲೆಕ್ಕ ಇಲ್ರೀ. ಬರಕೋತ ಹೋದ್ರ ಮುಗಿಯೂದೇ ಇಲ್ಲ."

"ಮುಗಿಯದಷ್ಟು ಜೋಡಿ ಇದ್ದಾಗ ನಲವತ್ತೊಂದು ಮಂದಿ ಆರಿಸಿದ್ದು ಇವು."

ಗುಲ್ಫಶಾ ಮೇಲಿನ ಹಾಳೆ ಎತ್ತಿ ಹಿಡಿದಳು. ಹುಡುಗನೊಬ್ಬನ ದಪ್ಪ ಅಕ್ಷರ.

(9, −8)
(7, −4)
(−3, 16)
(6, 2)

ಎರಡನೇ ಹಾಳೆಯಲ್ಲೂ ಅವೇ, ಮೂರನೆಯದರಲ್ಲೂ ಅವೇ. ಅದೇ ಕ್ರಮ, ಅದೇ ನಾಲ್ಕು.

"ಉಳಿದ ಪ್ರಶ್ನಿಗೆಲ್ಲಾ ಸರಿ ಉತ್ತರ ಒಂದೇ ಇರ್ತದ," ಎಂದಳು ಮಲ್ಲೇಶ್ವರಿ. "ಎಲ್ಲಾರೂ ಅದನ್ನ ಬರದ್ರ ಯಾರಿಗೂ ಸಂಶಯ ಬರಂಗಿಲ್ಲ. ಕಳವು ಸಿಕ್ಕಿಬಿದ್ದದ್ದು ಇದೊಂದರಾಗ."

"ಮತ್ತ ಕಡೀ ಜೋಡಿ ತಪ್ಪು ಅಂದ್ರಿ."

"ಹೌದ್ರಿ. ಮೊದಲು ಎಕ್ಸ್, ಆಮ್ಯಾಲ ವೈ. (2, 6) ಬರೀಬೇಕಿತ್ತು. ಇವರು ಅದಲುಬದಲು ಬರದಾರ. ಆರರ ಎರಡರಷ್ಟು ಹನ್ನೆರಡು, ಮತ್ತೆರಡು ಕೂಡಿದ್ರ ಹದಿನಾಲ್ಕು. ನಲವತ್ತೊಂದು ಹಾಳ್ಯಾಗೂ ಅದೇ ತಪ್ಪು."

ಹನುಮಂತರಾಯರು ಕರವಸ್ತ್ರದಿಂದ ಕುತ್ತಿಗೆ ಒರೆಸಿಕೊಂಡರು. "ಇದೆಲ್ಲಾ ಗೊತ್ತಿದ್ದದ್ದೇ ಅಲ್ಲೇನವ್ವಾ. ಮೊದಲು ಬಾಗಲಾ ತೆಗಿಯೂ ದಾರಿ ನೋಡ್ರಿ."

"ದಾರಿ ಇಲ್ಲ ಸರ್. ಕರೆಂಟ್ ಬರೂಮಟ ಎಲ್ಲಾರೂ ಇಲ್ಲೇ." ಗುಲ್ಫಶಾ ತನ್ನ ಪುಸ್ತಕದಿಂದ ಮೂರು ಹಾಳೆ ಹರಿದಳು. "ಅಷ್ಟರಾಗ ನನ್ನದೊಂದು ಲೆಕ್ಕ ಮಾಡ್ರಿ. 3x + y = 20. ನಾಲ್ಕು ಜೋಡಿ. ಒಬ್ಬರದೊಬ್ಬರು ನೋಡಬಾರದು."

"ಏನ್ರೀ ಇದು, ನಾವೇನು ಸಣ್ಣ ಮಕ್ಕಳೇನು?" ಎಂದ ಗೌತಮ.

"ಅಂಕಿ ತಾವಾಗೇ ಹುಟ್ಟಂಗಿಲ್ಲ, ಗೌತಮ. ಆರಿಸೋ ಮನಶ್ಯಾ ಒಬ್ಬಾಂವ ಇರ್ತಾನ. ಆರಿಸೂದ್ರಾಗ ಅವಂದೊಂದು ರೂಢಿ ಇರ್ತದ. ಬರೀರಿ."

ಮೂವರೂ ಮೂರು ಗೋಡೆಗೆ ಮುಖ ಮಾಡಿ ಕೂತರು. ಪೆನ್ನಿನ ಸದ್ದು ಬಿಟ್ಟರೆ ಬೇರೆ ಸದ್ದಿರಲಿಲ್ಲ. ಗುಲ್ಫಶಾಳ ಖಾಕಿ ಅಂಗಿಯೊಳಗೆ ಬೆವರು ಹರಿಯುತ್ತಿತ್ತು. ಗಾಳಿ ದಪ್ಪಗಾದಂತೆ, ಪ್ರತಿ ಉಸಿರನ್ನೂ ಯಾರಿಂದಲೋ ಕಿತ್ತುಕೊಳ್ಳಬೇಕಾದಂತೆ ಅನ್ನಿಸುತ್ತಿತ್ತು.

ಮೊದಲು ಮುಗಿಸಿದವಳು ಮಲ್ಲೇಶ್ವರಿ. ಆಮೇಲೆ ಹನುಮಂತರಾಯರು. ಗೌತಮ ಬೆರಳು ಎಣಿಸುತ್ತ ಎರಡು ಸಲ ಹೊಡೆದುಹಾಕಿ ಬರೆದ.

ಗುಲ್ಫಶಾ ಮೂರನ್ನೂ ಗವಾಕ್ಷಿಯ ಬೆಳಕಿಗೆ ಹಿಡಿದಳು.

ಗೌತಮನ ಹಾಳೆ: (0, 20), (1, 17), (2, 14), (3, 11).

ಹನುಮಂತರಾಯರದು: (0, 20), (1, 17), (2, 14), (3, 11). ಅಕ್ಷರ ಮಾತ್ರ ಮುತ್ತಿನಂಥವು.

ಮಲ್ಲೇಶ್ವರಿಯದು: (9, −7), (8, −4), (−2, 26), (5, 5).

ಗುಲ್ಫಶಾ ಅದನ್ನು ಎರಡು ಸಲ ಓದಿದಳು. ಒಂಬತ್ತರಿಂದ ಶುರು. ಆಮೇಲೆ ಇನ್ನೊಂದು ದೊಡ್ಡದು, ಆಮೇಲೆ ಒಂದು ಮೈನಸ್. ಅಂಕಿಗಳು ಬೇರೆ, ನಡಿಗೆ ಅದೇ.

ಹನುಮಂತರಾಯರು ಎದ್ದು ಬಂದು ಅವಳ ಹೆಗಲ ಮೇಲಿಂದ ನೋಡಿದರು. ದೊಡ್ಡ ಉಸಿರು ಬಿಟ್ಟರು.

"ಹೇಳಾಕ ನನಗ ಸಂಕಟ ಆಗ್ತದ, ಮೇಡಂ. ನನ್ನ ಕೈಯಾಗ ಕಲ್ತ ಹುಡುಗಿ ಈಕಿ. ಆದ್ರ ಇನ್ನೇನು ಬೇಕು ನಿಮಗ? ಪತ್ರಿಕಿ ತೆಗೆದಾಕಿ ಈಕಿ. ರೂಢಿನೂ ಈಕೀದೇ."

"ಮತ್ತ ದೂರು ಯಾಕ ಕೊಟ್ರು?"

"ಸಿಕ್ಕೊಂಡೇನು ಅಂತ ಅಂಜಿ ಮೊದಲು ತಾನೇ ಕೂಗ್ಯಾಳ."

ಗೌತಮ ತಲೆ ಕೆಳಗೆ ಹಾಕಿದ. ಮಲ್ಲೇಶ್ವರಿ ತನ್ನ ಹಾಳೆಯನ್ನು ನೋಡಲಿಲ್ಲ, ಹನುಮಂತರಾಯರ ಹಾಳೆಯನ್ನೇ ನೋಡುತ್ತಿದ್ದಳು. ಅವಳ ಮುಖದಲ್ಲಿ ಹೆದರಿಕೆ ಇರಲಿಲ್ಲ. ಸಾವಿನ ಸುದ್ದಿ ಕೇಳಿದಂಥದೊಂದು ಕಳೆ ಇತ್ತು.

ಗುಲ್ಫಶಾ ಅವಳನ್ನು ಮೂಲೆಯ ರ್‍ಯಾಕಿನ ಹಿಂದಕ್ಕೆ ಕರೆದೊಯ್ದಳು. ನಾಲ್ಕು ಹೆಜ್ಜೆ, ಅದಕ್ಕಿಂತ ದೂರ ಆ ಕೋಣೆಯಲ್ಲಿ ಇರಲಿಲ್ಲ.

"ಹಿಂಗ ಯಾಕ ಬರದ್ರಿ?"

"ನಾ ಕಲ್ತದ್ದು ಹಂಗ."

"ಸೊನ್ನಿ ಹಿಡಿದ್ರ ಹಗೂರ. ನೀವೇ ಹೇಳಿದ್ರಿ. ಒಂಬತ್ತರಿಂದ ಶುರು ಮಾಡಾಕ ಯಾರು ಕಲಿಸಿದ್ರು?"

ಮಲ್ಲೇಶ್ವರಿ ಸೆರಗಿನಿಂದ ಮುಖ ಒರೆಸಿಕೊಂಡಳು.

"ಟೀಚರ್, ಬಾಗಲಾ ತೆಗೆದ ಕೂಡಲೇ ನಾ ನಿಮ್ಮನ್ನ ಠಾಣಾಕ್ಕ ಕರಕೊಂಡು ಹೋಗಬೇಕಾಗ್ತದ. ನೌಕರಿ ಹೋಗ್ತದ. ಹೆಸರು ಹೇಳ್ರಿ."

"ಕರಕೊಂಡು ಹೋಗ್ರಿ."

"ಯಾರನ್ನ ಕಾಪಾಡಾಕತ್ತೀರಿ?"

ಮಲ್ಲೇಶ್ವರಿ ಸಂಬಂಧವಿಲ್ಲದ್ದೇನೋ ಹೇಳುವವಳಂತೆ ಶುರು ಮಾಡಿದಳು.

"ನಮ್ಮಪ್ಪ ಮುದುಕಪ್ಪ ಕುರಿ ಹಿಂಡು ತಗೊಂಡು ವರ್ಷದಾಗ ಎಂಟು ತಿಂಗಳು ಹೊಲದಾಗ ಇರಾಂವ. ಏಳನೇ ಕ್ಲಾಸ್ ಮುಗಿದ ಮ್ಯಾಲ ನನ್ನೂ ಕುರಿ ಹಟ್ಟಿಗೆ ಕರಕೊಂಡ. ಒಬ್ಬರು ಮಾಸ್ತರು ಮೂರು ದಿನಾ ಬಿಸಲಾಗ ನಡಕೋತ ಹಟ್ಟಿ ಹುಡುಕ್ಯಾರ್ರೀ. ಬಂದು ಕುರಿ ನಡುವೆ ಕೂತು, ಈ ಹುಡುಗಿನ್ನ ಕೊಡು ಅಂತ ನಮ್ಮಪ್ಪನ ಕೈ ಹಿಡಿದ್ರು. ಎಸೆಸೆಲ್ಸಿಮಟ ಅವರ ಮನ್ಯಾಗೇ ಉಂಡೆ."

ರ್‍ಯಾಕಿನ ಆ ಕಡೆಯಿಂದ ಗೌತಮ ಕಿರುಚಿದ. "ಮೇಡಂ! ಸರ್‌ಗೆ ಏನೋ ಆಗಾಕತ್ತದ!"

ಹನುಮಂತರಾಯರು ಗೋಡೆಗೆ ಒರಗಿ ಕುಸಿದಿದ್ದರು. ಕೈ ಅದುರುತ್ತಿತ್ತು. ಆ ಸೆಕೆಯಲ್ಲೂ ಹಣೆಯ ಬೆವರು ತಣ್ಣಗಿತ್ತು.

"ಸಕ್ಕರಿ ಬ್ಯಾನಿ ಅದ ಅವರಿಗೆ," ಎಂದಳು ಮಲ್ಲೇಶ್ವರಿ. ಓಡಿ ಬಂದು ತನ್ನ ಚೀಲದಲ್ಲಿ ಕೈಹಾಕಿದಳು. "ಊಟಾ ಮಾಡಿಲ್ಲ ಸರ್, ಹೌದಿಲ್ಲೋ? ಗುಳಿಗಿ ಅಷ್ಟೇ ತಗೊಂಡೀರಿ."

ಡಬ್ಬಿಯಲ್ಲಿ ಶೇಂಗಾ ಉಂಡೆಗಳಿದ್ದವು. ಅವಳು ಒಂದನ್ನು ಮುರಿದು ಚೂರು ಚೂರಾಗಿ ಅವರ ಬಾಯಿಗಿಟ್ಟಳು. ನೀರು ಕುಡಿಸಿದಳು. ಸೆರಗಿನಿಂದ ಗಾಳಿ ಹಾಕಿದಳು. ಹತ್ತು ನಿಮಿಷ ಕಳೆದವು. ಮುದುಕರ ಕಣ್ಣಿಗೆ ಮೆಲ್ಲಗೆ ಜೀವ ಬಂತು. ಕೈಯ ನಡುಕ ನಿಂತಿತು.

ಇನ್ನೊಂದು ಚೂರು ಕೊಡುತ್ತ ಅವಳು ಬಹಳ ಮೆತ್ತಗೆ ಕೇಳಿದಳು.

"ಸರ್, ನೀವು ಸೊನ್ನಿಯಿಂದ ಯಾವಾಗ ಶುರು ಮಾಡಿದ್ರಿ?"

ಹನುಮಂತರಾಯರು ಅಗಿಯುವುದನ್ನು ನಿಲ್ಲಿಸಿದರು.

"ಎಂಟನೇ ಕ್ಲಾಸಿನ್ಯಾಗ ಸೊನ್ನಿ ಹಿಡಿದವರ ಪಾಟಿ ನೀವು ತಿರುಗಿ ಕೊಡತಿದ್ರಿ. ಸೊನ್ನಿ ಹಿಡಿದ್ರ ಲೆಕ್ಕ ಬರ್ತದ, ತಲಿ ಬರಂಗಿಲ್ಲ ಅಂತಿದ್ರಿ. ಒಂಬತ್ತರಿಂದ ಹಿಡಿ, ಮೈನಸ್ ಬಂದ್ರ ಅಂಜಬ್ಯಾಡ ಅಂತಿದ್ರಿ. ಮೂವತ್ತು ವರ್ಷ ಅದನ್ನೇ ಕಲಿಸಿದ್ರಿ. ಇವತ್ತು ನಿಮ್ಮ ಕೈ ಸೊನ್ನಿ ಬರದದ. ಯಾಕ ಸರ್?"

ಅವಳು ಡಬ್ಬಿಯ ಮುಚ್ಚಳ ಹಾಕಿದಳು.

"ಭಾನುವಾರ ಸಂಜೀಕ ಮೊದಲನೇ ಹಾಳಿ ನೋಡಿದಾಗ ನನಗ ಎಷ್ಟು ಖುಷಿ ಆತು ಗೊತ್ತದೇನು? ಒಂಬತ್ತರಿಂದ ಶುರು ಮಾಡ್ಯಾನ, ಯಾರೋ ನಮ್ಮ ಸರ್ ಕೈಯಾಗ ಕಲ್ತ ಹುಡುಗ ಅಂತ ನಕ್ಕೊಂಡೆ. ಎರಡನೇದು ನೋಡಿದೆ. ಮೂರನೇದು. ಹತ್ತನೇ ಹಾಳಿಗೆ ನನ್ನ ಕೈ ತಣ್ಣಗಾತು. ದೂರು ಕೊಟ್ಟೆ. ನಿಮ್ಮ ಹೆಸರು ಬರಾಂಗಿಲ್ಲ, ಬ್ಯಾರೆ ಯಾರೋ ಸಿಗ್ತಾರ ಅಂತ ದಿನಾ ದೇವರಿಗೆ ಕೈ ಮುಗದೀನಿ. ನನ್ನ ಮ್ಯಾಲ ಬಂದ್ರೂ ಸುಮ್ಮನಿರೂಣು ಅಂದಿದ್ದೆ. ಆದ್ರ ನೀವು ನಿಮ್ಮ ಪಾಠಾನೇ ಬಚ್ಚಿಟ್ಟು ನನ್ನ ಕಡೆ ಬಟ್ಟು ತೋರಿಸಿದ್ರಿ."

ಹನುಮಂತರಾಯರು ಅವಳ ಕೈಯನ್ನು ಸರಿಸಲು ಹೋದರು. ಅರ್ಧಕ್ಕೇ ಕೈ ಸೋತು ತೊಡೆಯ ಮೇಲೆ ಬಿತ್ತು. ಗುಲ್ಫಶಾ ಅವರ ಎದುರಿಗೆ ನೆಲದ ಮೇಲೆಯೇ ಕುಳಿತಳು.

"ಯಾರಿಗೆ ಕೊಟ್ರಿ, ಸರ್?"

ಅವರು ಹೇಳಿದರು. "ಒಬ್ಬಾಕಿಗೆ. ಒಬ್ಬಾಕಿಗಷ್ಟೇ, ಮೇಡಂ. ನಲವತ್ತೊಂದು ಹೆಂಗಾತೋ ನನಗ ಗೊತ್ತಿಲ್ಲ. ನನ್ನ ಮಕ್ಕಳಾಣೆ ಗೊತ್ತಿಲ್ಲ."

"ಯಾರಾಕಿ?"

"ಚಂದ್ರಬಂಡದ ಮಿನಾಜ್. ಅಪ್ಪ ಅವ್ವ ಇಲ್ಲ. ಅಜ್ಜಿ ಸುಗ್ರಾ ಬೇಗಂ ಬಳಿ ಮಾರ್ತಾಳ. ಹುಡುಗಿ ಇಲ್ಲೇ ರಾಯಚೂರಿನ ಹಾಸ್ಟೆಲ್‌ನ್ಯಾಗ ಇದ್ದು ಓದ್ಯಾಳ. ಆಯಿತವಾರಕ್ಕೊಮ್ಮೆ ನಮ್ಮ ಮನಿ ಕಟ್ಟಿ ಮ್ಯಾಲ ಲೆಕ್ಕ ಕಲೀಲಿಕ್ಕೆ ಬರ್ತಾಳ." ಮುದುಕರು ಮಲ್ಲೇಶ್ವರಿಯ ಕಡೆ ತೋರಿಸಿದರು. "ಈಕೀ ಹಂಗ, ನೋಡ್ರಿ. ಮಲ್ಲೇಶ್ವರಿ ಹಂಗ. ಇಪ್ಪತ್ತು ವರ್ಷಕ್ಕ ಒಬ್ಬಾಕಿ ಸಿಗ್ತಾಳ ಅಂಥಾಕಿ."

"ಅಷ್ಟು ಶಾಣ್ಯಾಕಿಗೆ ಉತ್ತರಾ ಯಾಕ ಬೇಕಿತ್ತು?"

"ಬೇಕಾಗಿದ್ದಿಲ್ಲ. ಅಕಿ ಕೇಳೂ ಇಲ್ಲ. ಅಂಜಿಕಿ ನಂದು." ಅವರು ಕಣ್ಣು ಮುಚ್ಚಿದರು. "ಹೋದ ವರ್ಷ ಮಾನ್ವಿ ಕಡೀದೊಂದು ಹುಡುಗಿ ಇತ್ತು. ಪರೀಕ್ಷಾದ ದಿನಾ ಮೈ ಸುಡೂ ಜ್ವರ. ಎರಡು ಅಂಕಕ್ಕ ಸೀಟು ಹೋತು. ಜೂನ್‌ದಾಗ ಮದುವಿ ಮಾಡಿದ್ರು. ಈ ವರ್ಷ ಸಂತ್ಯಾಗ ನೋಡಿದೆ. ಬಗಲಾಗ ಕೂಸು. ಸರ್, ಅಂತ ನಮಸ್ಕಾರ ಮಾಡಿದ್ಲು. ನನಗ ತಲಿ ಎತ್ತಾಕ ಆಗಲಿಲ್ಲ. ಇದೊಂದು ಹುಡುಗಿ ತಪ್ಪಬಾರದು ಅನ್ನಿಸ್ತು. ಶನಿವಾರ ಫೋನ್ ಹಚ್ಚಿದೆ. ಎಲ್ಲಾ ಉತ್ತರಾ ಹೇಳಿದೆ."

ಗೌತಮ ಬೆರಗಿನಿಂದ ನೋಡುತ್ತಿದ್ದ. ಮಲ್ಲೇಶ್ವರಿ ಗೋಡೆಯ ಕಡೆ ತಿರುಗಿ ನಿಂತಿದ್ದಳು.

ಗುಲ್ಫಶಾ ಕೆಂಪು ದಾರದ ಕಟ್ಟನ್ನು ಮಡಿಲಿಗೆ ಎಳೆದುಕೊಂಡಳು. "ಫೋನಿನ್ಯಾಗ ಹೇಳಿದ್ರಿ. ಬಾಯಿಲೆ. ಕಡೀ ಜೋಡಿ ಹೆಂಗ ಹೇಳಿದ್ರಿ? ನೆನಪು ಮಾಡ್ಕೋರಿ."

"ಹೆಂಗ ಅಂದ್ರ, 'ವೈ ಆರು ಹಿಡಿದ್ರ ಎಕ್ಸ್ ಎರಡು' ಅಂದೆ."

"ಆರು, ಎರಡು."

"ಹೌದು."

"ಕೇಳಿದವರು ಕೇಳಿದ ಹಂಗ ಬರಕೊಂಡ್ರು. ಮೊದಲು ಆರು, ಆಮ್ಯಾಲ ಎರಡು."

ಮಲ್ಲೇಶ್ವರಿ ಸರಕ್ಕನೆ ತಿರುಗಿದಳು. "ಮಿನಾಜ್ ಹಂಗ ಬರಿಯಂಗಿಲ್ರೀ. ಆಗೂದೇ ಇಲ್ಲ. ಸರ್ ಕೈಯಾಗ ಕಲ್ತಾಕಿ ನಿದ್ದ್ಯಾಗ ಎಬ್ಬಿಸಿ ಹೇಳಿದ್ರೂ (2, 6) ಅಂತಾಳ."

"ಅಂದ್ರ ಫೋನ್ ಎತ್ತಿದ್ದು ಮಿನಾಜ್ ಅಲ್ಲ," ಎಂದಳು ಗುಲ್ಫಶಾ. "ಗಣಿತಾ ಗೊತ್ತಿಲ್ಲದವರು ಯಾರೋ. ಅವರ ಕೈಯಿಂದ ನಲವತ್ತೊಂದು ಮಂದಿಗೆ ಹೋಗ್ಯದ. ಸರ್, ಅಕೀ ದನಿ ಗುರುತು ಹತ್ತಿತ್ತೇನು?"

ಮುದುಕರ ಬಾಯಿ ಅರ್ಧ ತೆರೆದು ಹಾಗೇ ಉಳಿಯಿತು. "ಅಕಿ... 'ಹ್ಞೂಂ ಸರ್, ಹ್ಞೂಂ ಸರ್' ಅಷ್ಟೇ ಅಂದದ್ದು. ಪಿಸಿಪಿಸಿ ದನಿ. ಹಾಸ್ಟೆಲ್‌ನ್ಯಾಗ ಯಾರರೆ ಕೇಳ್ಯಾರು ಅಂತ ಮೆಲ್ಲಕ ಮಾತಾಡಾಕತ್ತಾಳ ಅಂದ್ಕೊಂಡೆ."

"ಅಕೀ ಉತ್ತರಪತ್ರಿಕಿ ಎಲ್ಲದ?"

ನಾಲ್ವರೂ ಹುಡುಕಿದರು. ಮುನ್ನೂರ ಹನ್ನೆರಡನ್ನೂ ತಿರುವಿ ಹಾಕಿದರು. ಧೂಳು ಬೆವರಿಗೆ ಅಂಟಿ ಮುಖವೆಲ್ಲ ಮಣ್ಣಾಯಿತು. ಮಿನಾಜಳ ಹಾಳೆ ನಲವತ್ತೊಂದರಲ್ಲಿರಲಿಲ್ಲ, ಉಳಿದವುಗಳಲ್ಲೂ ಇರಲಿಲ್ಲ.

ಗೌತಮ ಹಾಜರಿ ಪಟ್ಟಿ ತೆಗೆದ. ರಾಯಚೂರು ಕೇಂದ್ರ, ಆರನೇ ಪುಟ. ಅವನ ಬೆರಳು ಒಂದು ಸಾಲಿನ ಮೇಲೆ ನಿಂತಿತು.

"ಗೈರುಹಾಜರು," ಎಂದ. "ಮೇಡಂ, ಈ ಹುಡುಗಿ ಪರೀಕ್ಷಾಕ್ಕ ಬಂದೇ ಇಲ್ಲ."

"ಯಾ ಅಲ್ಲಾ," ಎಂದು ಗುಲ್ಫಶಾಳ ಬಾಯಿಂದ ತಾನಾಗಿ ಬಂತು. ಮಾನ್ವಿಯ ಮನೆಯಲ್ಲಿ ಅಮ್ಮ ಹೇಳುತ್ತಿದ್ದ ದನಿ ಅದು. ರಜೆ ಶುರುವಾದ್ದರಿಂದ ಹಾಸ್ಟೆಲ್ಲಿನವರು ಹುಡುಗಿ ಊರಿಗೆ ಹೋಗಿದ್ದಾಳೆ ಅಂದುಕೊಂಡಿರಬೇಕು. ಅಜ್ಜಿ ಅವಳಿನ್ನೂ ಹಾಸ್ಟೆಲ್ಲಿನಲ್ಲೇ ಇದ್ದಾಳೆ ಅಂದುಕೊಂಡಿರಬೇಕು. ನಾಲ್ಕು ದಿನವಾಗಿತ್ತು. ನಾಲ್ಕು ದಿನದಲ್ಲಿ ಒಬ್ಬರೂ ಹುಡುಕಿರಲಿಲ್ಲ.

ಹನುಮಂತರಾಯರು ಎದ್ದು ನಿಲ್ಲಲು ನೋಡಿದರು. ಮತ್ತೆ ಕುಳಿತರು. "ಮಿನಾಜ್," ಎಂದರು. ಇನ್ನೊಮ್ಮೆ ಅದನ್ನೇ ಅಂದರು.

ಆಗ ಫ್ಯಾನು ಕಿರ್ರೆಂದು ತಿರುಗಿತು.

ಗುಲ್ಫಶಾ ಬೂಟು ಬಿಚ್ಚಿ ರ್‍ಯಾಕು ಹತ್ತಿದಳು. ಕಬ್ಬಿಣ ಅಂಗಾಲು ಸುಟ್ಟಿತು. ಗವಾಕ್ಷಿಯ ಪಕ್ಕ ಫೋನ್ ಹಿಡಿದಳು. ಒಂದು ಗೆರೆ ಬಂತು, ಹೋಯಿತು, ಮತ್ತೆ ಬಂತು. ಗಂಟೆ ನಾಲ್ಕೂ ಹತ್ತು.

ಮೊದಲು ಕಂಟ್ರೋಲ್ ರೂಮಿಗೆ ಕರೆ. ಮೂರೇ ವಾಕ್ಯ. ಹದಿನೈದು ನಿಮಿಷದಲ್ಲಿ ಗಾಡಿ ಬರುತ್ತದೆಂದರು. ಮಾನ್ವಿಗೆ ಹೋದ ಈರಯ್ಯನ ಫೋನ್ ಸ್ವಿಚ್ ಆಫ್ ಆಗಿತ್ತು. ಆಮೇಲೆ ಕೆಳಗೆ ನೋಡಿದಳು.

"ಸರ್, ಮಿನಾಜ್ ನಂಬರ್ ಹೇಳ್ರಿ."

ಅವರು ಬಾಯಿಪಾಠವಾಗಿ ಹೇಳಿದರು. ಗುಲ್ಫಶಾ ಒತ್ತಿದಳು, ಸ್ಪೀಕರ್ ಹಾಕಿದಳು. ರಿಂಗ್ ಆಯಿತು. ಐದು. ಆರು. ಏಳು. ಕಟ್ ಆಗುವ ಹೊತ್ತಿಗೆ ಯಾರೋ ಎತ್ತಿದರು.

ಉಸಿರು ಮಾತ್ರ ಕೇಳಿತು. ಅದರ ಹಿಂದೆ ನೀರು ಬೀಳುವ ಸದ್ದು.

"ಮಿನಾಜ್?" ಎಂದಳು ಗುಲ್ಫಶಾ.

ಹುಡುಗಿ ಗುರುತಿಲ್ಲದ ದನಿಗೆ ಮಾತಾಡಲಾರಳು ಅನ್ನಿಸಿ ಗುಲ್ಫಶಾ ಕೈಸನ್ನೆ ಮಾಡಿದಳು. ಮಲ್ಲೇಶ್ವರಿ ಮತ್ತು ಗೌತಮ ಎರಡೂ ರಟ್ಟೆ ಹಿಡಿದು ಮುದುಕರನ್ನು ಎಬ್ಬಿಸಿ ರ್‍ಯಾಕಿನ ಬುಡಕ್ಕೆ ತಂದರು.

"ಯವ್ವಾ," ಎಂದರು ಹನುಮಂತರಾಯರು, ಕತ್ತೆತ್ತಿ. "ನಾನವ್ವಾ. ಹನುಮಂತರಾಯ ಸರ್."

"ಸರ್..." ತೆಳ್ಳನೆಯ ದನಿ. ಅಳು ತಡೆದುಕೊಂಡ ದನಿ. "ಸರ್, ಅವರು ಫೋನ್ ಇಲ್ಲೇ ಬಿಟ್ಟು ಹೋಗ್ಯಾರ. ಬ್ಯಾಟರಿ ಒಂದೇ ಕಡ್ಡಿ ಅದ. ಯಾರಿಗೆ ಹಚ್ಚಿದ್ರೂ ಹೋಗವಲ್ದು."

"ಎಲ್ಲಿದ್ದೀ ಅವ್ವಾ?"

"ಗೊತ್ತಿಲ್ಲ ಸರ್. ನೆಲದ ಕೆಳಗಿನ ಖೋಲಿ. ಗಾಡ್ಯಾಗ ಬಹಳ ದೂರ ತಂದ್ರು. ಮಾನ್ವಿ ದಾಟಿದ್ದು ಗೊತ್ತಾತು, ಆಮ್ಯಾಲ ಗೊತ್ತಾಗ್ಲಿಲ್ಲ. ಮ್ಯಾಲ ಬಾಗಲಾ ಹಾಕ್ಯಾರ. ಮುಂಜಾನಿಂದ ನೀರು ಬರಾಕತ್ತದ ಸರ್. ಕಾಲುವಿ ನೀರು ಬಿಟ್ಟಂಗ ಕಾಣ್ತದ."

ಮಲ್ಲೇಶ್ವರಿ ರ್‍ಯಾಕು ಹಿಡಿದು ಮೇಲೆ ಬಂದಳು. "ಮಿನಾಜ್, ನಾ ಅರಕೇರಾ ಟೀಚರ್. ನೀರು ಎಷ್ಟು ಬಂದದ? ಸರಿಯಾಗಿ ಹೇಳು."

ಹುಡುಗಿಯ ಉಸಿರು ಒಂದು ಕ್ಷಣ ನೆಟ್ಟಗಾಯಿತು. ಪ್ರಶ್ನೆ ಸಿಕ್ಕಿದ್ದೇ ಅವಳಿಗೊಂದು ಹಿಡಿಕೆ ಸಿ​ಕ್ಕಂತಾಗಿತ್ತು.

"ಮೆಟ್ಟಲು ಎಣಸಾಕತ್ತೀನಿ, ಟೀಚರ್. ಹನ್ನೊಂದು ಗಂಟೆಕ್ಕ ಎರಡು ಮೆಟ್ಟಲು ಮುಳುಗಿದ್ವು. ಒಂದು ಗಂಟೆಕ್ಕ ನಾಲ್ಕು. ಮೂರಕ್ಕ ಆರು."

ಮಲ್ಲೇಶ್ವರಿಗೆ ಕಾಗದ ಬೇಕಾಗಲಿಲ್ಲ. ಆದರೂ ಅವಳ ಬೆರಳು ರ್‍ಯಾಕಿನ ಧೂಳಿನ ಮೇಲೆ ಬರೆಯಿತು. ಮೊದಲು ಗಂಟೆ, ಆಮೇಲೆ ಮೆಟ್ಟಿಲು. ಮೂರು ಜೋಡಿ. ತಾಸಿಗೊಂದು ಮೆಟ್ಟಿಲು.

"ಒಟ್ಟು ಎಷ್ಟು ಮೆಟ್ಟಲದಾವ?"

"ಹತ್ತು."

ಗುಲ್ಫಶಾ ಮಲ್ಲೇಶ್ವರಿಯ ಮುಖ ನೋಡಿದಳು. ಮಲ್ಲೇಶ್ವರಿ ಧೂಳಿನಲ್ಲಿ ಏಳು ಎಂದು ಬರೆದು ತೋರಿಸಿದಳು. ಏಳು ಗಂಟೆಗೆ ಹತ್ತೂ ಮೆಟ್ಟಿಲು ಮುಳುಗುತ್ತವೆ. ಮೂರು ತಾಸೂ ಉಳಿದಿರಲಿಲ್ಲ. ಮಾನ್ವಿ ದಾಟಿದ ಮೇಲೆ ಕಾಲುವೆ ನೂರು ಕವಲಾಗಿ ಹರಿಯುತ್ತದೆ.

"ಮಿನಾಜ್, ಕೇಳು," ಎಂದಳು ಗುಲ್ಫಶಾ. "ನಾ ಪೊಲೀಸ್. ಮ್ಯಾಲಿನ ಮೆಟ್ಟಲಿಗೆ ಹೋಗಿ ಕೂಡು. ಫೋನ್ ಒದ್ದಿ ಮಾಡಬ್ಯಾಡ. ನಿನ್ನ ಅಲ್ಲಿ ತಂದವರು ಯಾರು? ಹೆಸರು ಹೇಳು, ಬೇಗ."

"ಹೆಸರು ಗೊತ್ತಿಲ್ರೀ. ಆದ್ರ ನಾ ಮ್ಯಾಲ ಹೋಗಾಕ ಆಗಂಗಿಲ್ಲ."

"ಯಾಕ?"

"ಕೆಳಗ ಇನ್ನೊಬ್ರು ಅದಾರ್ರೀ," ಎಂದಳು ಹುಡುಗಿ. "ಕಾಲು ಕಟ್ಯಾರ. ನಾ ತಲಿ ಎತ್ತಿ ಹಿಡದೀನಿ. ಬಿಟ್ರ ಮುಳಗ್ತಾರ. ಖಾಕಿ ಅಂಗಿ ಹಾಕ್ಯಾರ, ಎದಿ ಮ್ಯಾಲ ಈರಯ್ಯ ಅಂತ ಬರದದ—"

ಫೋನ್ ಸತ್ತಿತು.